ವಿಧ್ಯರ್ಥ

ಪೆರ್ಲದ ನಮ್ಮ ಶಾಲೆಯ ನಾಲ್ಕನೇ ತರಗತಿಗೆ
ಹದಿಮೂರು ಮಕ್ಕಳು.
ಮನೆಯೊಳಗೆ ತುಳು, ಬ್ಯಾರಿ, ಮರಾಟಿ, ಕೊಂಕಣಿ;
ಬಸ್ಸಿನ ಬೋರ್ಡು ಮಲಯಾಳ;
ಕನ್ನಡ, ಹತ್ತು ಗಂಟೆಯಿಂದ ನಾಲ್ಕರವರೆಗೆ.

ಪಾಠ: ‘ಮಾಡುವ ವಿಧಾನ’ ಬರೆಯುವುದು.
ತರಬೇತಿಯ ಕೈಪಿಡಿ ಹೇಳಿತ್ತು,
ವಾಕ್ಯ ಕ್ರಿಯಾಪದದಿಂದಲೇ ಶುರುವಾಗಲಿ ಎಂದು.
ಯಾರೋ ಇಂಗ್ಲಿಷಿನಿಂದ ಹಾಗೇ ಇಳಿಸಿದ್ದು.
ನಮ್ಮ ಕ್ರಿಯಾಪದ ಕೂರುವುದು ಕೊನೆಗೆ,
ಎಲ್ಲರಿಗೂ ಬಡಿಸಿ ಆದ ಮೇಲೆ
ಉಣ್ಣುವವಳ ಹಾಗೆ.

ಅವಲಕ್ಕಿ, ಬೆಲ್ಲ, ಕಾಯಿತುರಿ ತಂದಿದ್ದೆ.
ನೀವು ಹೇಳಿ, ಹೇಳಿದಷ್ಟೇ ಮಾಡುತ್ತೇನೆ.
“ಬೆಲ್ಲ ಹಾಕಿ” ಎಂದ ಮುನವ್ವರ್.
ಅಚ್ಚುಬೆಲ್ಲವನ್ನು ಕಾಗದ ಸಮೇತ ಹಾಕಿದೆ.
ತರಗತಿ ಬಿದ್ದು ಬಿದ್ದು ನಕ್ಕಿತು.
ಕಾಗದ ಬಿಡಿಸಿ! ಪುಡಿ ಮಾಡಿ!
ಎಷ್ಟು? ಒಂದು ಮುಷ್ಟಿ!
ಯಾರ ಮುಷ್ಟಿ?
ಜೋಯ್ಲಿನ್ ತನ್ನದನ್ನು ಎತ್ತಿ ತೋರಿಸಿದಳು.
“ಕಲಸಿ” ಎಂದರು, ಗಾಳಿಯನ್ನು ಕಲಸಿದೆ,
ಯಾವುದರಲ್ಲಿ ಎಂದು ಯಾರೂ ಹೇಳಿರಲಿಲ್ಲವಲ್ಲ.

ಹಾಗೆ ಬಂದವು ಹಲಗೆಗೆ ಒಂದೊಂದೇ:
ಮೊದಲು, ಆಮೇಲೆ, ಅಷ್ಟರಲ್ಲಿ, ಕೊನೆಗೆ.
ಕಥೆ ಬೇಡ. ‘ನಾನು’ ಬೇಡ.
‘ಅಯ್ಯೋ ಪಾಪ’ ಬೇಡವೇ ಬೇಡ.
ಚಿತ್ರ ಇದ್ದರೆ ಒಳ್ಳೆಯದು.
‘ಹಾಕು’ ಎಂದು ಹೊರಟವರು ಕೊನೆತನಕ ‘ಹಾಕು’,
‘ಹಾಕಿ’ ಎಂದವರು ‘ಹಾಕಿ’;
ನಡುವೆ ಬದಲಾದರೆ
ಕರೆದದ್ದು ಯಾರನ್ನೆಂದು ತಿಳಿಯುವುದಿಲ್ಲ.

ಶುಕ್ರವಾರ ಪುಸ್ತಕಗಳು ಬಂದವು.
ಲಿಂಬೆ ಶರಬತ್ತು ಐದು, ಕಾಗದದ ದೋಣಿ ಮೂರು,
ಮೊಬೈಲು ರೀಚಾರ್ಜು ಒಂದು
(ಒಂಬತ್ತು ಹಂತ, ಒಂದೂ ತಪ್ಪಿಲ್ಲ).
ಪ್ರಣಮ್ಯಾಳದ್ದು:
ಅಣ್ಣನಿಗೆ ಗಂಜಿ ಕುಡಿಸುವ ವಿಧಾನ.

ಬೇಕಾಗುವ ಸಾಮಗ್ರಿ: ಗಂಜಿ. ಎರಡು ದಿಂಬು. ಬೈರಾಸು.
ಹಿಡಿ ಸೊಟ್ಟಗಿರುವ ಸಣ್ಣ ಚಮಚ, ಅದೇ.
ಮೊದಲು ದಿಂಬು ಇಡಿ, ಬೆನ್ನಿಗೊಂದು, ಎಡಕ್ಕೊಂದು.
ಅವನು ಎಡಕ್ಕೆ ಜಾರುತ್ತಾನೆ.
ಆಮೇಲೆ ಗಂಜಿಯ ಒಂದು ಹನಿ
ನಿಮ್ಮ ಮಣಿಕಟ್ಟಿಗೆ ಬಿಟ್ಟು ನೋಡಿ.
ಚಮಚ ಅರ್ಧ ಮಾತ್ರ.
ಗಂಟಲು ಮೇಲೆ ಹೋಗಿ ಕೆಳಗೆ ಬರುವವರೆಗೆ ಕಾಯಿರಿ.
ಅವನಿಗೆ ನಗು ಬಂದರೆ ನಿಲ್ಲಿಸಿ.
ನಗುವಾಗ ಕೊಡಬೇಡಿ.
ಕೆಮ್ಮಿದರೆ ಮುಂದಕ್ಕೆ ಬಾಗಿಸಿ ಬೆನ್ನು ತಟ್ಟಿ.
ಹೆದರಬೇಡ.
ಮತ್ತೆ ಅರ್ಧ ಚಮಚ.

‘ಬಂದರೆ’, ‘ಕೆಮ್ಮಿದರೆ’ ನಾನಿನ್ನೂ ಕಲಿಸಿರಲಿಲ್ಲ.
ಅದು ಮುಂದಿನ ವಾರದ ಪಾಠ.

ಪ್ರತಿ ಹಂತದ ಪಕ್ಕ ಪೆನ್ಸಿಲಿನ ಚಿತ್ರ:
ದಿಂಬಿಗೆ ಬಾಣ, ಚಮಚದ ಅರ್ಧಕ್ಕೆ ಗೆರೆ.
ಯಾರಿಗೆ ಬರೆದದ್ದು, ಕೇಳಿದೆ.
“ಬುಧವಾರ ಬೇಕಲಕ್ಕೆ ಟೂರ್ ಅಲ್ಲವಾ ಟೀಚರ್,
ಅಮ್ಮನಿಗೆ ಗೇರುಬೀಜದ ಫ್ಯಾಕ್ಟರಿ.
ಹೊಸದುರ್ಗದಿಂದ ಚಿಕ್ಕಮ್ಮ ಬರುತ್ತಾರೆ,
ಅವರಿಗೆ ಕನ್ನಡ ಓದಲು ಬರುವುದಿಲ್ಲ.
ಬರೆದದ್ದು ನಿಮಗೆ,
ಚಿತ್ರ ಚಿಕ್ಕಮ್ಮನಿಗೆ.”
ಮಧ್ಯಾಹ್ನದ ಬೆಲ್ಲಾದೊಡನೆ ಇವಳು
ಗುಡ್ಡೆ ಇಳಿದು ಓಡುವುದನ್ನು ಮೂರು ವರ್ಷ ನೋಡಿದ್ದೇನೆ.
ಶಾಲೆಯ ಸಾಂಬಾರು ಹಿಡಿಸುವುದಿಲ್ಲ ಎಂದುಕೊಂಡಿದ್ದೆ.

ಅಷ್ಟರಲ್ಲಿ ಕೆಂಪು ಪೆನ್ನು, ರೂಢಿಯಂತೆ,
‘ಹೆದರಬೇಡ’ಕ್ಕೆ ಸುತ್ತು ಹಾಕಿಯಾಗಿತ್ತು: ವಚನದೋಷ.
ಉಳಿದೆಲ್ಲ ಇಡಿ, ನೋಡಿ, ಕಾಯಿರಿ, ತಟ್ಟಿ.
ಇದೊಂದು ಏಕವಚನ.
ಇದೊಂದಕ್ಕೆ ಚಿತ್ರವೂ ಇಲ್ಲ.
ಅದು ಯಾರಿಗೆ ಎಂದು ಕೇಳಲಿಲ್ಲ.
ವ್ಯಾಕರಣದಲ್ಲಿ ಅಪ್ಪಣೆಗೂ ಹಾರೈಕೆಗೂ
ಒಂದೇ ಮನೆ, ವಿಧ್ಯರ್ಥ ಎಂದು ಹೆಸರು;
ಟ್ರೈನಿಂಗಿನಲ್ಲಿ ಬಾಯಿಪಾಠ ಮಾಡಿದ್ದೆ.
ಕೆಂಪು ಶಾಯಿಗೆ ರಬ್ಬರಿಲ್ಲ.
ಸುತ್ತಿನ ಪಕ್ಕ ಒಂದು ಸರಿ ಹಾಕಿದೆ,
ಈಗ ಅದು ತಪ್ಪೂ ಹೌದು, ಸರಿಯೂ ಹೌದು.

ಬುಧವಾರ, ಬೇಕಲ ಕೋಟೆ.
ಬುರುಜಿನ ನೆರಳಲ್ಲಿ ಬುತ್ತಿ ಬಿಚ್ಚಿದರು.
ಹನ್ನೆರಡು ಮುಕ್ಕಾಲು.
ಪ್ರಣಮ್ಯಾ ಚಿತ್ರಾನ್ನದ ತುತ್ತನ್ನು ಬಾಯ ತನಕ ತಂದು,
ಒಂದು ಗಂಟಲು ಮೇಲೆ ಹೋಗಿ ಕೆಳಗೆ ಬರುವಷ್ಟು ಹೊತ್ತು
ಕಾದಳು.
ಆಮೇಲೆ ತಿಂದಳು. ಮತ್ತೆ ಅಷ್ಟೇ.
ಮುನವ್ವರ್ ಏನೋ ಅಂದ, ಎಲ್ಲರೂ ನಕ್ಕರು,
ಅವಳೂ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು.
ನಗು ಮುಗಿಯುವವರೆಗೆ
ತುತ್ತು ಕೈಯಲ್ಲೇ ಇತ್ತು.