ಪಸೆ

ಆಗಸ್ಟಿನ ಬಿರುಗಾಳಿಗೆ ನಮ್ಮ ಬೀದಿಯ ಮೇಪಲ್ ಮರ ಮಲಗಿತು
ಯಾರದೋ ಹಳೇ ವ್ಯಾನಿನ ಮೇಲೆ. ವ್ಯಾನಿನವನು ತಲೆ ಹಿಡಿದು ಕೂತಿದ್ದ,
ನಾನು ಕಾಂಡದ ಸುತ್ತಳತೆ ನೋಡುತ್ತಿದ್ದೆ.
ನಾಚಿಕೆಗೇಡು, ಒಪ್ಪುತ್ತೇನೆ. ಲೇತಿನ ಹುಚ್ಚು ಹಿಡಿದವರಿಗೆ
ಮರ್ಯಾದೆ ಸ್ವಲ್ಪ ತಡವಾಗಿ ನೆನಪಾಗುತ್ತದೆ.

ಮೂರು ಬಟ್ಟಲು ಕಡೆದೆ, ಒರಟಾಗಿ,
ಗೋಡೆ ಹೆಬ್ಬೆರಳಿನಷ್ಟು ದಪ್ಪ ಬಿಟ್ಟು.
ಉಳಿ ತಾಗಿದರೆ ಮರದೊಳಗಿನ ನೀರೆದ್ದು ಕನ್ನಡಕವೆಲ್ಲ ಒದ್ದೆ.
ಅಂಚಿಗೆ ಮೇಣ, ತಳದಲ್ಲಿ ಸೀಸದಕಡ್ಡಿಯಿಂದ ತೂಕ.
ಒಂದು ಇಲ್ಲೇ, ಡುಲೂತಿನಲ್ಲಿ, ಸರೋವರದ ಗಾಳಿಗೆ.
ಒಂದು ಟೂಸಾನಿನ ಡೆಲ್ಫಿನಾ ಅರ್ವಿಸುಗೆ,
ಮತ್ತೊಂದು ಹೊಳೆ ಕಡಲಿಗೆ ಬೀಳುವ ಅಸ್ಟೋರಿಯಾದ ಟೊಯ್ವೋಗೆ.
ಪಂದ್ಯವೇನಲ್ಲ ಅಂದೆವು, ಮೂವರೂ.
ಪಂದ್ಯವೇ.

ಅಕ್ಟೋಬರ್ ಎಂದರೆ ಮೂವರಿಗೂ ಒಂದೇ ಹಾಳೆ, ಒಂದೇ ತಾರೀಕು.

ಡೆಲ್ಫಿನಾ ಬರೆದಳು: ಇಲ್ಲಿನ್ನೂ ಸ್ಟೀರಿಂಗ್ ಮುಟ್ಟಿದರೆ ಅಂಗೈ ಸುಡುತ್ತದೆ.
ನಮ್ಮ ಮೆಸ್ಕೀಟ್ ಮರ ಬಿಸಿಲಲ್ಲೇ ಹುಟ್ಟಿದ್ದು, ಏನು ಮಾಡಿದರೂ ಅಲುಗುವುದಿಲ್ಲ;
ನಿನ್ನ ಮೇಪಲ್ಲೋ, ನೆಂಟರ ಮನೆಗೆ ಬಂದ ಮಗು.
ಮೂರು ಕಾಗದದ ಚೀಲದೊಳಗೆ, ಅದರದೇ ಚಕ್ಕೆಯಲ್ಲಿ ಹುಗಿದು,
ಮಂಚದ ಕೆಳಗಿಟ್ಟಿದ್ದೇನೆ.
ಎಂಟನೆಯ ರಾತ್ರಿ ಎರಡು ಗಂಟೆಗೆ, ಟಪ್.
ಹಲ್ಲಿ ಬಿತ್ತೆಂದುಕೊಂಡಳಂತೆ.
ಬೆಳಿಗ್ಗೆ ನೋಡಿದರೆ ಅಂಚಿನಿಂದ ತಳದವರೆಗೆ ಬಾಯಿ ಬಿಟ್ಟಿತ್ತು,
ನಾಣ್ಯ ತೂರುವಷ್ಟು.

ಟೊಯ್ವೋನದು ಬೇರೆಯೇ ಗೋಳು.
ಮಳೆ ನಿಂತರೂ ಮರದ ಹನಿ ನಿಲ್ಲದು ಅನ್ನುತ್ತಾರಲ್ಲ,
ಅಲ್ಲಿ ಮಳೆಯೂ ನಿಲ್ಲುವುದಿಲ್ಲ.
ಮೂರು ವಾರಕ್ಕೆ ಇಳಿದದ್ದು ಆರು ಗ್ರಾಂ.
ಬಟ್ಟಲಿಗೆ ನೀಲಿ ಬೂಷ್ಟು; ರಾತ್ರಿ ಎಣ್ಣೆ ಒರೆಸಿದ ಲೇತಿಗೆ
ಬೆಳಗಾದರೆ ದಾಲ್ಚಿನ್ನಿ ಬಣ್ಣದ ತುಕ್ಕು.
ಬೀರುವಿನಲ್ಲಿ ಬಲ್ಬು ಹಚ್ಚಿ, ತನ್ನ ಮದುವೆಯ ಕೋಟಿನ ಪಕ್ಕ
ಅದನ್ನು ಕೂರಿಸಿದ್ದಾನೆ. ಕೋಟು ಒಣಗಿತಂತೆ.

ನನ್ನ ಗ್ಯಾರೇಜಿನಲ್ಲಿ ಹತ್ತನೇ ತಾರೀಕಿಗೇ ಹಿಮ.
ಬೆಲ್ಟು ಬಿಗಿದು ಮೋಟಾರು ನರಳುತ್ತದೆ,
ವಾರ್ನಿಶ್ ಜೇನಿನಂತೆ ಮಂದವಾಗಿ ಕುಂಚ ಬಿಡುವುದಿಲ್ಲ,
ಉಳಿಯ ಕಬ್ಬಿಣ ಬೆರಳ ಚರ್ಮವನ್ನು ಸಾಲ ಕೇಳುತ್ತದೆ.
ಬಟ್ಟಲನ್ನು ಅಡುಗೆಮನೆಗೆ ತಂದೆ.
ಆರ್ಡಿಸ್ ಬ್ರೆಡ್ಡಿನ ಹಿಟ್ಟು ತೂಗುವ ತಕ್ಕಡಿಯಲ್ಲೇ ನಾನು ಮರ ತೂಗುತ್ತೇನೆ,
ಹಿಟ್ಟಿನಲ್ಲಿ ಹೊಟ್ಟು ಸಿಕ್ಕ ದಿನ ಮಾತಿರುವುದಿಲ್ಲ.

ನವೆಂಬರಿನಲ್ಲಿ ಡೆಲ್ಫಿನಾಗೆ ಆ ಬಿರುಕನ್ನು ದಿನವೂ ನೋಡಲಾಗದೆ
ಬಟ್ಟಲನ್ನು ಟೊಯ್ವೋಗೆ ಅಂಚೆ ಮಾಡಿದಳು:
ನಿನ್ನ ಮಳೆಗೆ ಒಮ್ಮೆ ತೋರಿಸು.

ದೋಣಿ ಎಂಜಿನು ರಿಪೇರಿಯವನು, ಅಳೆಯದೆ ಮಾತಾಡುವವನಲ್ಲ.
ಮೊದಲ ವಾರ: ಬಲೆಯ ಹುರಿ ತೂರುತ್ತದೆ.
ಮೂರನೆಯದು: ಗಾಳದ ದಾರ.
ಹೊಸವರ್ಷದ ಫೋನಿನಲ್ಲಿ ಸುಮ್ಮನಿದ್ದು, ಆಮೇಲೆ ಅಂದ:
ಕೂದಲೂ ಹೋಗುವುದಿಲ್ಲ ಮಾರಾಯ,
ಉಗುರು ಎಳೆದರೆ ಮಾತ್ರ ಗೊತ್ತಾಗುತ್ತದೆ.

ವಾಸಿಯಾಯಿತು ಅನ್ನಲು ಬಾಯಿ ತೆರೆದೆ.
ವಾಸಿಯಲ್ಲ, ಅದು ಪಸೆ ಕುಡಿದಿದೆ ಅಷ್ಟೆ, ಅಂದ.
ಊರು ಬದಲಾಗಿದೆ. ಮರ ಅದೇ.

ವಾಪಸು ಕಳಿಸಲೇ ಎಂದು ಅವಳನ್ನು ಕೇಳಿದ್ದಾನೆ.
ಕಳಿಸು, ಅಂದಳಂತೆ ಡೆಲ್ಫಿನಾ,
ಇಲ್ಲಿ ಬಂದು ಮತ್ತೆ ಬಾಯಿ ಬಿಡಲಿ.
ಬೀಗದ ಕೈ ಹಾಕಿಡುತ್ತೇನೆ. ಬೀಗದ ಕೈ ಸೋರುವುದಿಲ್ಲವಲ್ಲ.

ನನ್ನದು ಹನ್ನೊಂದು ದಿನದಿಂದ ಒಂದೇ ತೂಕ:
ಏಳುನೂರ ಹನ್ನೆರಡು, ಏಳುನೂರ ಹನ್ನೆರಡು.
ಒಣಗಿದೆ ಎಂದರ್ಥ. ಸೊಟ್ಟಗಾಗಿ ಮೊಟ್ಟೆಯಂತಾಗಿದೆ,
ಇನ್ನೊಮ್ಮೆ ಕಡೆದರೆ ದುಂಡಗಾದೀತು.
ಗ್ಯಾರೇಜಿನ ಬಾಗಿಲಿಗೆ ಮಂಜುಗಡ್ಡೆ ಕಟ್ಟಿದೆ, ಏಪ್ರಿಲ್ ಬರಬೇಕು.
ಅಷ್ಟರವರೆಗೆ ಆರ್ಡಿಸ್ ಅದರಲ್ಲಿ ಈರುಳ್ಳಿ ಹಾಕಿದ್ದಾಳೆ.
ನಾನು ಈರುಳ್ಳಿ ತೆಗೆದು ತೂಗಿ,
ಮತ್ತೆ ಹಾಕಿಡುತ್ತೇನೆ.