ಇನ್ನೊಂದು ಬಿಸಿಲು

ಕೀರೆಹೊಳೆ ಸೇತುವೆಯಾಚೆ, ಗೋಣಿಕೊಪ್ಪದ ಕ್ಯೂರಿಂಗ್ ವರ್ಕ್ಸಿನಲ್ಲಿ
ನನ್ನ ಕೆಲಸ ಔಟ್‌ಟರ್ನ್ ನೋಡುವುದು:
ಚೀಲದ ಹೊಟ್ಟೆಗೆ ಕೊಳವೆ ಚುಚ್ಚಿ
ಒಂದು ಕಿಲೋ ಚೆರ್ರಿ ಎಳೆದು, ಸಿಪ್ಪೆ ಬಿಡಿಸಿ
ಒಳಗೆ ಬೇಳೆ ಎಷ್ಟು, ಕಪ್ಪು ಎಷ್ಟು, ಹುಳುಕು ಎಷ್ಟು
ಎಂದು ಬರೆಯುವುದು.
ಹದಿನಾರು ವರ್ಷ. ಯಾರ ಮುಖ ನೋಡಿಯೂ ಬರೆದವಳಲ್ಲ.

ಈಗ ಅದೇ ಪುಸ್ತಕದ ಹಿಂಬದಿಯಲ್ಲಿ
ಮೂರು ಕಾಲಂ ಎಳೆದಿದ್ದೇನೆ.
ಮೂರು ಕಂಪನಿ, ಮೂರೂ ಸಮುದ್ರದಾಚೆ.
ನಮ್ಮ ದುಡ್ಡು, ನಿಮ್ಮ ಕೈ, ಎನ್ನುತ್ತವೆ.
ವಾಯಿದೆ ವ್ಯಾಪಾರಕ್ಕೆ ಐವತ್ತು ಸಾವಿರ ಡಾಲರು;
ಮೊದಲು ಪರೀಕ್ಷೆ, ಪರೀಕ್ಷೆಗೆ ಫೀಸು,
ಗೆದ್ದರೆ ನೂರಕ್ಕೆ ಎಂಬತ್ತು ನಿಮಗೆ.
ಎರಡನೆಯದು ತೊಂಬತ್ತು ಎನ್ನುತ್ತದೆ.
ಹೆಚ್ಚು ಕೊಡುತ್ತೇನೆ ಎಂದವನ ತಕ್ಕಡಿ ಮೊದಲು ನೋಡು
ಎನ್ನುತ್ತಿದ್ದ ಮೆಣಸಿನ ಮೊಯ್ದು ಕಾಕ,
ತನ್ನ ತಕ್ಕಡಿಯ ಮೇಲೆ ಕೈಯಿಟ್ಟುಕೊಂಡೇ.

ವೇಬ್ರಿಜ್ಜಿನ ಬಿದ್ದಪ್ಪ ಮೊದಲನೆಯದರಲ್ಲಿ ಎರಡು ಸಲ ಬಿದ್ದ.
"ಹೆಸರಲ್ಲೇ ಇದೆಯಲ್ಲ ಅಕ್ಕ" ಎಂದು ತಾನೇ ನಗುತ್ತಾನೆ.
ಎರಡು ಸಾವಿರ ಏರಿತ್ತಂತೆ, ಇಳಿದು
ಹೊರಟಲ್ಲಿಗೇ ಬಂತಂತೆ;
ಒಂದು ಡಾಲರೂ ಕಳೆದಿರಲಿಲ್ಲ, ಖಾತೆ ಮುಚ್ಚಿತ್ತು.
ನಿಯಮವೇ ಅಂಥದ್ದು:
ಮೆಣಸು ಕೊಯ್ಯುವ ಒಂಟಿ ಬಿದಿರಿನ ಏಣಿ,
ನೀನು ಗೆಣ್ಣು ಗೆಣ್ಣು ಹತ್ತಿದ ಹಾಗೆ
ಕೆಳಗಿನ ಗೆಣ್ಣನ್ನು ಯಾರೋ ಕತ್ತರಿಸುತ್ತ ಬರುತ್ತಾರೆ.
ಸಿಲ್ವರ್ ಓಕಿನ ನೆತ್ತಿಯಲ್ಲಿ ಕೈತುಂಬ ಗೊಂಚಲು,
ಇಳಿಯಲು ಕಾಲಿಟ್ಟರೆ ಗಾಳಿ.
ಮೂರನೆಯದು ಸಂಜೆಗೊಮ್ಮೆ ಮಾತ್ರ ಕತ್ತರಿಸುತ್ತದೆ.
ಅದಕ್ಕೊಂದು ಅಂಕ ಕೊಟ್ಟೆ.

ಎರಡನೆಯದರ ಷರತ್ತು ಓದಿ ಪೆನ್ನು ಕೆಳಗಿಟ್ಟೆ:
ಯಾವ ಒಂದು ದಿನದ ಗಳಿಕೆಯೂ
ಒಟ್ಟು ಲಾಭದಲ್ಲಿ ನೂರಕ್ಕೆ ಮೂವತ್ತು ಮೀರಕೂಡದು.
ದಿನಾ ಒಂದಿಷ್ಟು, ಸಮನಾಗಿ, ಶಿಸ್ತಾಗಿ.
ಇದನ್ನು ಬರೆದವನು ಹೂಮಳೆ ಕಂಡವನಲ್ಲ.
ಫೆಬ್ರವರಿ ಕೊನೆಯ ಒಂದು ಮಧ್ಯಾಹ್ನ
ಒಂದಿಂಚು ಬಿದ್ದರೆ ಎಂಟನೇ ದಿನಕ್ಕೆ ತೋಟವೆಲ್ಲ ಬೆಳ್ಳಗೆ;
ವರ್ಷದ ಫಸಲೆಲ್ಲ ಆ ಒಂದು ಗಂಟೆಯದು,
ಉಳಿದ ದಿನಗಳಲ್ಲಿ ನಾವು
ಕಳೆ ತೆಗೆಯುತ್ತ ಆಕಾಶ ನೋಡುವವರು.
ಮುಗಿಲಿಗೆ ಹೇಳಲೇ, ಮೂವತ್ತರ ಮೇಲೆ ಸುರಿಯಬೇಡ ಎಂದು?

ರಾತ್ರಿ ಹನ್ನೊಂದಕ್ಕೆ ಲಂಡನ್ ಮುಚ್ಚುತ್ತದೆ.
ಅಲ್ಲಿಯತನಕ ಫೋನಿನೊಳಗೆ ರೋಬಸ್ಟಾ
ಹಸಿರು ಕಡ್ಡಿ, ಕೆಂಪು ಕಡ್ಡಿ.
ಅಭ್ಯಾಸಬಲ, ಒಮ್ಮೆ ಮೂಸಿಯೂ ನೋಡಿದೆ.
ನನ್ನ ಬೆರಳಿನ ಹೊಟ್ಟಿನ ವಾಸನೆಯಷ್ಟೇ ಬಂತು.
ಗೆದ್ದ ಮೇಲೂ ಖಾತೆಯಲ್ಲಿರುವುದು ಅಣಕು ದುಡ್ಡು
ಎಂದು ಹನ್ನೊಂದನೇ ಪುಟದ ಅಡಿಯಲ್ಲಿ, ಇರುವೆಯಷ್ಟು ಅಕ್ಷರ.
ನಾನು ಕಟ್ಟುವ ಫೀಸು ಮಾತ್ರ ಅಣಕಲ್ಲ.

ಮೂರನೆಯದೇ ವಾಸಿ ಅನ್ನಿಸಿತ್ತು.
ಆದರೆ ಚೀಲದ ಬಾಯಿ ಯಾವತ್ತೂ ಚೆಂದ.
ತಳಕ್ಕೆ ಚುಚ್ಚಿದೆ. ಮೂವತ್ತೊಂದನೇ ಪುಟ:
ಈ ನಿಯಮಗಳನ್ನು ಕಂಪನಿ ಯಾವಾಗ ಬೇಕಾದರೂ,
ಮುನ್ಸೂಚನೆ ಇಲ್ಲದೆ...
ಕೊಳವೆಯಲ್ಲಿ ಬಂದದ್ದು ಬೂಷ್ಟು.

ಹಾಗೆಂದು ನಾನೇನು ಒಣಗಿದ ಕಾಳೇ?
ನನಗೂ ಚುಚ್ಚಿಕೊಂಡೆ:
ಊರವರ ಕಾಫಿಯ ಗುಣ ಬರೆದು ಬರೆದು
ಒಂದು ಸಲ, ಒಂದೇ ಸಲ,
ಬೆಲೆ ಬರೆಯಬೇಕೆಂಬ ಆಸೆ ಈ ಕೈಗೆ.
ಒಳಗಿನ್ನೂ ಹಸಿ.

ಬೆಳಿಗ್ಗೆ ಬಿದ್ದಪ್ಪ ಕೇಳಿದ, "ಯಾವುದಕ್ಕೆ ಕಟ್ಟಿದಿರಿ ಅಕ್ಕ?"
ಪುಸ್ತಕ ತಿರುಗಿಸಿ ತೋರಿಸಿದೆ.
ಮೂರು ಕಾಲಮ್ಮಿನ ಕೆಳಗೆ, ನಾಲ್ಕನೆಯದು ಎಳೆದು
ನನ್ನ ಹೆಸರು ಬರೆದಿದ್ದೆನಲ್ಲ, ಅದರ ಕೆಳಗೂ
ಒದ್ದೆ ಚೀಲಕ್ಕೆ ಹಾಕುವ ಷರಾ:
ತೇವ ಹನ್ನೆರಡೂವರೆ. ಇನ್ನೊಂದು ಬಿಸಿಲು ಬೇಕು.

ಓದಿದ. ತಲೆ ಕೆರೆದುಕೊಂಡ.
ಅವನ ಫೋನಿನಲ್ಲಿ ಆಗಲೇ ಮೂರನೇ ಸಲದ ರಸೀದಿ.
ಪೊನ್ನಂಪೇಟೆ ಕಡೆಯ ಲಾರಿ ಹಾರ್ನ್ ಹಾಕಿತು,
ತೂಕಕ್ಕೆ ಓಡಿದ.