ಬಿಚ್ಚೋ ಲೆಕ್ಕ

ಫಂಕ್ಷನ್ ಅಂದ್ಲು ನೀಲಾ. ಯಾರ ಮನೀದು ಅಂದೆ.
ಲಗ್ನದ ಸೀಸನ್, ಮೂರು ಬ್ಲೌಸ್ ಬಾಕಿ,
ಭವಾನಿ ಪೇಠದ ಈ ಓಣ್ಯಾಗ ಫಂಕ್ಷನ್ ಅಂದ್ರ
ಹಾಲ್, ಕುರ್ಚಿ, ಪೆಂಡಾಲ, ಅಡ್ವಾನ್ಸ್.
ಆಕಿ ಹಣಿ ಬಡಕೊಂಡ್ಲು: ಗಣಿತದ್ದು, ಅವ್ವಾ.
ಅದರಾಗ ಇನ್ವರ್ಸ್. ತಿರುಗಾಮುರುಗಾ.
ಲಗ್ನ ತಿರುಗಾಮುರುಗಾ ಆದದ್ದು ನಾ ಕಂಡೀನಿ, ಅಂದೆ.
ನಗಲಿಲ್ಲ ಆಕಿ. ನಾಳೆ ಪರೀಕ್ಷಾ.

ಓದಿ ಹೇಳು ಅಂದೆ. ಓದಿದ್ಲು:
ಒಂದು ಅಂಕಿ ತಗೋ, ಎರಡರಿಂದ ಗುಣಿಸು, ಮೂರು ಕೂಡಿಸು.
ಈಗ ಬಂದ ದಾರೀಲೆ ವಾಪಸ್ ಹೋಗು.
ಮೊದಲ ಎರಡರಿಂದ ಭಾಗಿಸಿದ್ಲು, ಆಮ್ಯಾಲೆ ಮೂರು ಕಳದ್ಲು,
ಹೊಂಟಲ್ಲಿ ಬಂದು ಮುಟ್ಟಲಿಲ್ಲ.
ರಬ್ಬರ್ ತಿಕ್ಕಿ ತಿಕ್ಕಿ ಹಾಳಿ ಹರದಿತ್ತು.

ನನ್ನ ತೊಡಿ ಮ್ಯಾಲೆ ಶೇವಂತಿ ಬಣ್ಣದ ಬ್ಲೌಸ್,
ತೋಳು ಬಿಗಿ ಅಂತ ವಾಪಸ್ ಬಂದದ್ದು.
ನೋಡಿಲ್ಲೆ, ಅಂದೆ. ಮೊದಲ ತೋಳು ಜೋಡಿಸಿದ್ದೆ,
ಆಮ್ಯಾಲೆ ಅಸ್ತರ ಮುಚ್ಚಿದ್ದೆ,
ಕಡೀಕ ಲಕ್ಷ್ಮೀ ರೋಡಿನ ಈ ಲೇಸು.
ಈಗ ತೋಳು ಬಿಚ್ಚಬೇಕಂದ್ರ ಮೊದಲ ಎದಕ್ಕ ಕೈ ಹಾಕಲಿ?
ಲೇಸಿಗೆ, ಅಂದ್ಲು.
ಪೆನ್ಸಿಲ್ ಸ್ವಲ್ಪ ಹೊತ್ತು ನಿಂತಿತು.
ಮೂರು ಮೊದಲ ಕಳದ್ಲು.

ಅಷ್ಟಕ್ಕ ಮುಗೀಲಿಲ್ಲ. ಎಲ್ಲಾದಕ್ಕೂ ಇನ್ವರ್ಸ್ ಇರಂಗಿಲ್ಲಂತ, ಯಾಕ?
ನನ್ನ ಅಳತಿ ವಹಿ ಆಕಿ ಮುಂದ ಇಟ್ಟೆ.
ಫಡತರೆ ಬಾಯಿ, ಎದಿ ಮೂವತ್ತಾರು.
ಕಿರಾಡ ಮಾವಶಿ, ಅದೂ ಮೂವತ್ತಾರು.
ಹೆಸರು ಹೇಳು, ಕಣ್ಣು ಮುಚ್ಚಿ ಅಳತಿ ಹೇಳ್ತೀನಿ.
ಬರೇ ಮೂವತ್ತಾರು ಅಂದ್ರ ಯಾರನ್ನ ಕರೀಲಿ?
ಮೂರರ ವರ್ಗ ಒಂಬತ್ತು, ಮೈನಸ್ ಮೂರರದೂ ಒಂಬತ್ತು,
ಆಕಿ ತನ್ನಷ್ಟಕ್ಕ ಗೊಣಗಿದ್ಲು,
ಹಂಗಾದ್ರ ಮೈನಸ್ ಮಂದೀನ ಹೊರಗ ನಿಲ್ಲಿಸಬೇಕು.
ಕಿರಾಡ ಮಾವಶೀಗೆ ಇದನ್ನ ಹೇಳಬ್ಯಾಡ, ಅಂದೆ.

ಇನ್ನ ಚಿತ್ರ. ಗೆರಿ ಹೆಂಗ ಹೊರಳತದ ಆಕಿಗೆ ಕಾಣವಲ್ಲದು.
ಚೌಕ ಅರಿವಿ ಹಾಸಿ, ಖಡುಲೆ ಬಗಲಿನ ಸೊಟ್ಟ ಗೆರಿ ಎಳದೆ.
ಸೊನ್ನಿ ಇರೋ ಮೂಲಿಯಿಂದ ಎದುರು ಮೂಲಿಗೆ
ಓರಿ ಮಡಚಿ, ಅಂಗೈಲೆ ಎರಡು ಪೆಟ್ಟು.
ತೆರದ್ರ ಮಡಿಕಿ ಆಚಿ ಇನ್ನೊಂದು ಗೆರಿ, ಮಸುಕು,
ಅಡ್ಡ ಇದ್ದದ್ದು ಉದ್ದ, ಉದ್ದ ಇದ್ದದ್ದು ಅಡ್ಡ.
ಇದನ್ನ ಯಾರು ಕಲಿಸಿದ್ರು ಅವ್ವಾ?
ಯಾರೂ ಇಲ್ಲ. ಇಪ್ಪತ್ತು ವರ್ಷ ಮಾಡೀನಿ,
ಇದಕ್ಕೊಂದು ಹೆಸರದ ಅಂತ ಗೊತ್ತಿರಲಿಲ್ಲ.

ಹನ್ನೊಂದು ಹೊಡೀತು. ಲೇಸು ಹೋತು, ಅಸ್ತರ ಹೋತು,
ತೋಳು ಕೈಗೆ ಬಂತು.
ಹೋಗಿ ಬಂದ್ರ ಎಕ್ಸ್ ಎಕ್ಸೇ ಇರತದ, ಅಂದ್ಲು, ಆಕಳಿಸ್ಕೋತ,
ಒಂದು ಕೂದಲಿನಷ್ಟೂ ಫರಕ್ ಇಲ್ಲ.
ನಾ ತೋಳನ್ನ ಬಲ್ಬಿಗೆ ಹಿಡದೆ.
ಹೊಲಿಗಿ ಇದ್ದ ದಾರಿ ಉದ್ದಕ್ಕೂ ಸೂಜಿ ತೂತು,
ಒಂದೊಂದರಾಗೂ ಸಾಸಿವಿಯಷ್ಟು ಬೆಳಕು.
ನೀರು ಚಿಮುಕಿಸಿ ಉಗುರಿಲೆ ತಿಕ್ಕಿದೆ, ಅರ್ಧ ಮುಚ್ಚಿದವು.
ನಿಮ್ಮ ಲೆಕ್ಕದಾಗ ಇವು ಎಲ್ಲಿ ಹೋಗ್ತಾವ, ನೀಲಾ?

ಮಲಗಿಬಿಟ್ಟಿದ್ಲು, ನನ್ನ ವಹಿ ಆಕಿ ಎದಿ ಮ್ಯಾಲೆ.
ಮೆಲ್ಲಕ ತಗೊಂಡು, ಹೊಸಾ ಅಳತಿ ಬರದು,
ಅರ್ಧ ಇಂಚು ಸಡಲ ಬಿಟ್ಟು ಮತ್ತ ಕುಂತೆ.
ಮೊದಲ ತೋಳು.